ಪದಚರ್ಚೆ: ‘ಶಬ್ದಾತೀತ ನಾಸಾಸಂಧಾನ’, ‘ಮೂಗಿನ ಸೇತುವೆ’ — ಇವು ಸರಿಯೇ?

ಕೇಳಿಕೆ (ಕಾಸರಗೋಡಿನಿಂದ):

ಬಳಗದ ಎಲ್ಲರಿಗೂ ನಮಸ್ಕಾರ. ಅಲ್ಟ್ರಾಸಾನಿಕ್ ರೈನೋಪ್ಲಾಸ್ಟಿಗೆ (ಮೂಗು ತಿದ್ದುವ ಆಪರೇಶನ್ನಿಗೆ) ಬರುವವರು ಓದಿ ಸಹಿ ಹಾಕಬೇಕಾದ ಸಮ್ಮತಿಪತ್ರವೊಂದು ಮಲಯಾಳದಿಂದ ಕನ್ನಡಕ್ಕೆ ಆಗಬೇಕಾಗಿದೆ. ಓದುವವರು ಮಂಜೇಶ್ವರ, ಕುಂಬಳೆ, ಪೆರ್ಲದ ಕಡೆಯ ಕನ್ನಡಿಗರು. ಈಗಿರುವ ಕರಡಿನಲ್ಲಿ ಚಿಕಿತ್ಸೆಯ ಹೆಸರು ‘ಶಬ್ದಾತೀತ ನಾಸಾಸಂಧಾನ’ ಎಂದಿದೆ. ‘ಮೂಕ್ಕಿಂಡೆ ಪಾಲಂ’ ಎಂಬುದು ‘ಮೂಗಿನ ಸೇತುವೆ’ ಆಗಿದೆ. ‘ದಶ’ ಎಂಬುದಕ್ಕೆ ‘ಮಾಂಸ’ ಅಂದರೆ ಸಾಕೇ? ಚಂದಕ್ಕೂ ಉಸಿರಾಟಕ್ಕೂ ಸೇರಿಸಿ ಮಾಡುವ ಈ ಆಪರೇಶನ್ನಿಗೆ ಒಂದೇ ಕನ್ನಡ ಹೆಸರು ಸಿಕ್ಕೀತೇ? ತಿಳಿದವರು ತಿಳಿಸಬೇಕು.

ಉತ್ತರ (ಬದಿಯಡ್ಕದಿಂದ):

ಮೊದಲು ‘ಶಬ್ದಾತೀತ’ವನ್ನು ತೆಗೆದುಹಾಕಿ. ನಮ್ಮ ಪತ್ರಿಕೆಗಳಲ್ಲಿ ಅದು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಅಂಟಿಕೊಂಡ ಪದ. ಇಲ್ಲಿರುವುದು ವೇಗದ ಮಾತಲ್ಲ, ಕಂಪನದ ಮಾತು. ಮನುಷ್ಯರ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20 ಕಿಲೋಹರ್ಟ್ಸ್. ಅದನ್ನು ಮೀರಿದ್ದಕ್ಕೆ ಶಾಲಾ ಪುಸ್ತಕಗಳಲ್ಲಿ ‘ಶ್ರವಣಾತೀತ’ ಎಂಬ ಒಳ್ಳೆಯ ಪದ ಇದೆ. ಆದರೆ ಸಮ್ಮತಿಪತ್ರಕ್ಕೆ ಅದೂ ಬೇಡ, ಬರಿಯ ‘ಅಲ್ಟ್ರಾಸೌಂಡ್’ ಅಂತೂ ಬೇಡವೇ ಬೇಡ. ಅಲ್ಟ್ರಾಸೌಂಡ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹೊಟ್ಟೆಯ ಸ್ಕ್ಯಾನಿಂಗ್. ಕೊಯ್ಯದೆ, ಹೊರಗಿನಿಂದಲೇ ಮೂಗು ಸರಿಮಾಡುತ್ತಾರೆ ಎಂದುಕೊಂಡು ಬರುವವರಿದ್ದಾರೆ. ಇಲ್ಲಿ ಚರ್ಮ ಬಿಡಿಸಿ ಎಲುಬನ್ನೇ ಕೊಯ್ಯುತ್ತಾರೆ.

ಉಪಕರಣ ಏನು ಮಾಡುತ್ತದೆ ಎಂದು ತಿಳಿದರೆ ಪದ ತಾನಾಗಿ ಬರುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು. ‘ಪಿಯೆಜೋ’ ಅಂದರೆ ಗ್ರೀಕಿನಲ್ಲಿ ಒತ್ತುವುದು. ತಿರುಗಿಸಿ ವಿದ್ಯುತ್ತು ಕೊಟ್ಟರೆ ಅಂಥ ವಸ್ತು ಹಿಗ್ಗಿ ಕುಗ್ಗುತ್ತದೆ. ಕೈಹಿಡಿಯ ಒಳಗಿನ ಪಿಂಗಾಣಿ ಬಿಲ್ಲೆಗಳು ಹೀಗೆ ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಸಾವಿರ ಸಲ ಕಂಪಿಸಿ, ತುದಿಯಲ್ಲಿರುವ ಪುಟ್ಟ ಗರಗಸವನ್ನೋ ಅರವನ್ನೋ ಆಡಿಸುತ್ತವೆ. ತುದಿ ಅಲುಗುವುದು ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಮೀರದಷ್ಟು. ಗಟ್ಟಿ ಎಲುಬು ಕಡಿಯುತ್ತದೆ, ಮೆತ್ತಗಿನ ಲೋಳೆಪೊರೆ ತುದಿಯ ಜೊತೆಗೇ ಅಲುಗುವುದರಿಂದ ಹರಿಯದೆ ಉಳಿಯುತ್ತದೆ. ಮೆತ್ತಗಿನ ಅಂಗಾಂಶ ಕಡಿಯಬೇಕಾದರೆ 50 ಕಿಲೋಹರ್ಟ್ಸ್‌ಗಿಂತ ಹೆಚ್ಚಿನ ಕಂಪನ ಬೇಕು. ದವಡೆ ಎಲುಬಿಗಾಗಿ ಬೆಳೆದ ಉಪಕರಣ ಇದು. ಮೂಗಿನ ಎಲುಬಿಗೆ ಬಳಸಿದ್ದನ್ನು ಇಟಲಿಯ ಶಸ್ತ್ರವೈದ್ಯರು 2007ರಲ್ಲಿ ವರದಿ ಮಾಡಿದರು. ಹಳೆಯ ಕ್ರಮದಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ ಉಳಿ, ಸುತ್ತಿಗೆ. ಉಳಿ, ಅರ, ಗರಗಸ ಮೂರೂ ಕನ್ನಡದಲ್ಲಿ ಹಳೆಯ ಪದಗಳೇ. ಅವನ್ನು ಧಾರಾಳವಾಗಿ ಬಳಸಿ, ‘ಅಸ್ಥಿಛೇದಕ’ ಬರೆದು ಹೆದರಿಸಬೇಡಿ.

ಹಾಗಾಗಿ ನನ್ನ ಸಲಹೆ: ‘ಕಂಪಿಸುವ ಉಪಕರಣದಿಂದ (ಅಲ್ಟ್ರಾಸಾನಿಕ್) ಮೂಗಿನ ಎಲುಬು ಕೊಯ್ದು ತಿದ್ದುವ ಆಪರೇಶನ್’. ಉದ್ದವಾಯಿತು, ಆಗಲಿ. ಅಲ್ಟ್ರಾಸಾನಿಕ್ ಎಂಬುದು ಆಯುಧದ ಹೆಸರು, ಚಿಕಿತ್ಸೆಯ ಹೆಸರಲ್ಲ ಎಂಬುದು ಅದರಲ್ಲಿ ಕಾಣಬೇಕು. ‘ನಾಸಾಸಂಧಾನ’ ಸುಶ್ರುತ ಸಂಹಿತೆಯ ಪದ. ಕತ್ತರಿಸಿಹೋದ ಮೂಗಿಗೆ ಕೆನ್ನೆಯ ಚರ್ಮ ಕೂಡಿಸಿ, ಉಸಿರಿಗೆಂದು ಎರಡು ನಳಿಗೆ ಇಡುವ ವಿಧಾನಕ್ಕೆ ಅದು ಸಲ್ಲುತ್ತದೆ. ಈಗಿನ ಕನ್ನಡದಲ್ಲಿ ಸಂಧಾನ ಅಂದರೆ ಜಗಳ ಬಿಡಿಸುವ ಮಾತುಕತೆ.

ಇನ್ನು ‘ಪಾಲಂ’. ನಿಜವಾದ ಅಪಾಯ ಇರುವುದು ಇಲ್ಲಿ. ಇಂಗ್ಲಿಷಿನವರು ಮೂಗಿನ ಬ್ರಿಡ್ಜ್ ಅನ್ನುವುದು ಕನ್ನಡಕ ಕೂರುವ ಹೊರಗಿನ ಜಾಗಕ್ಕೆ. ಮಲಯಾಳದ ಆಸ್ಪತ್ರೆ ಮಾತಿನಲ್ಲಿ ‘ಪಾಲಂ ವಳಞ್ಞು’ ಅಂದರೆ ಒಳಗಿನ, ಎರಡು ಹೊಳ್ಳೆಗಳ ನಡುವಿನ ತಡೆ ಓರೆಯಾಗಿದೆ ಎಂದು. ‘ಸೇತುವೆ’ ಎಂದು ಬರೆದಿರೋ, ರೋಗಿ ಒಳಗಿನದಕ್ಕೆ ಸಹಿ ಹಾಕುತ್ತಾ ಹೊರಗಿನದನ್ನು ಯೋಚಿಸುತ್ತಿರುತ್ತಾನೆ. ಒಳಗಿನದಕ್ಕೆ ‘ನಡುಗೋಡೆ’, ಹೊರಗಿನದಕ್ಕೆ ‘ಮೂಗಿನ ಏಣು’ ಇರಲಿ. ನಮ್ಮ ಕಡೆಯ ‘ಮೂಗಿನ ಎಲುಬು ಓರೆ’ ಎಂಬ ಮಾತನ್ನೂ ಸಮ್ಮತಿಪತ್ರದಲ್ಲಿ ಬಿಡಬೇಕು. ನಡುಗೋಡೆಯ ಮುಂಭಾಗ ಮೃದ್ವಸ್ಥಿ (ಎಲುಬಿಗಿಂತ ಮೆತ್ತಗೆ, ಬಾಗುವಂಥದ್ದು), ಹಿಂಭಾಗ ಮಾತ್ರ ಎಲುಬು. ಹೊರಗೂ ಅಷ್ಟೆ, ಮೇಲಿನ ಮೂರನೇ ಒಂದು ಭಾಗ ಎಲುಬು, ಕೆಳಗಿನದು ಮೃದ್ವಸ್ಥಿ. ‘ಎಲುಬು ಓರೆ’ ಮತ್ತು ‘ಎಲುಬು ಕೊಯ್ಯುವ ಅಲ್ಟ್ರಾಸಾನಿಕ್’ ಒಂದೇ ಹಾಳೆಯಲ್ಲಿ ಬಂದರೆ, ಆ ಯಂತ್ರವೇ ಉಸಿರು ಸರಿಮಾಡುತ್ತದೆ ಎಂದು ಯಾರಾದರೂ ಓದಿಕೊಂಡಾರು. ಯಂತ್ರದ ಕೆಲಸ ಮುಖ್ಯವಾಗಿ ಹೊರ ಎಲುಬಿನ ಡುಬ್ಬ ತೆಗೆದು, ಅಗಲ ತಗ್ಗಿಸುವುದು. ಉಸಿರಿನ ಕೆಲಸ ಬೇರೆ: ನಡುಗೋಡೆ, ಒಳ ಕವಾಟ, ಪಕ್ಕದ ಗೋಡೆಯಲ್ಲಿ ಪೊರೆ ಹೊದ್ದ ಸುರುಳಿ ಎಲುಬುಗಳು.

ಒಳ ಕವಾಟದ ಬಗ್ಗೆ ಎರಡು ಸಾಲು ಹೆಚ್ಚು ಬರೆಯಿರಿ, ಚಂದವೂ ಉಸಿರೂ ಡಿಕ್ಕಿಯಾಗುವುದು ಅಲ್ಲೇ. ನಡುಗೋಡೆಗೂ ಮೇಲಿನ ಪಕ್ಕದ ಮೃದ್ವಸ್ಥಿಗೂ ನಡುವಿನ ಕೋನ 10ರಿಂದ 15 ಡಿಗ್ರಿ, ಮೂಗಿನಲ್ಲೇ ಅತಿ ಇಕ್ಕಟ್ಟಿನ ಜಾಗ. ಡುಬ್ಬ ತೆಗೆಯುವಾಗ ಈ ಮೃದ್ವಸ್ಥಿಗಳು ನಡುಗೋಡೆಯಿಂದ ಬೇರ್ಪಟ್ಟು ಒಳಕ್ಕೆ ಕುಸಿದರೆ ಮೂಗು ತೆಳ್ಳಗೆ ಕಾಣುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ನಡುಗೋಡೆಯಿಂದಲೇ ತೆಗೆದ ಮೃದ್ವಸ್ಥಿಯ ಪಟ್ಟಿಯನ್ನು ನಡುವೆ ಹೊಲಿದು ಕೋನ ಅಗಲಿಸುತ್ತಾರೆ. ಹಾಗೆ ತೆಗೆಯುವಾಗ ಮೇಲೂ ಮುಂದೂ ಕಡಿಮೆಯೆಂದರೆ 10 ಮಿಲಿಮೀಟರ್ ಅಗಲದ ಅಂಚು ಉಳಿಸಬೇಕು, ಇಲ್ಲದಿದ್ದರೆ ಏಣು ತಗ್ಗಾಗಿ ಕುಸಿಯುತ್ತದೆ. ‘ಸ್ಪ್ರೆಡರ್ ಗ್ರಾಫ್ಟ್’ ಎಂಬುದಕ್ಕೆ ‘ಅಗಲಿಸುವ ಪಟ್ಟಿ’ ಸಾಕು.

‘ದಶ’ಕ್ಕೆ ‘ಮಾಂಸ’ ಸಾಲದು. (‘ದಶೆ’ ಎಂದು ಮಾತ್ರ ಬರೆಯಬೇಡಿ, ಶನಿದಶೆಯೆಂದು ಜೋಯಿಸರಲ್ಲಿಗೆ ಹೋದಾರು.) ಊರಿನಲ್ಲಿ ‘ಮೂಗಿನಲ್ಲಿ ಮಾಂಸ ಬೆಳೆದಿದೆ’ ಎನ್ನುವುದು ಎರಡು ಬೇರೆ ಸಂಗತಿಗಳಿಗೆ. ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋಲುವ ಪಾಲಿಪ್ ಒಂದು. ಎಲ್ಲರಿಗೂ ಹುಟ್ಟಿನಿಂದಲೇ ಇರುವ ಸುರುಳಿ ಎಲುಬಿನ ಮೇಲಿನ ಪೊರೆ ಅಲರ್ಜಿಯಿಂದ ಊದುವುದು ಇನ್ನೊಂದು. ಎರಡನೆಯದನ್ನು ಪೂರ್ತಿ ಕತ್ತರಿಸಿದರೆ ಮೂಗು ಒಣಗಿ, ದಾರಿ ತೆರೆದಿದ್ದರೂ ಉಸಿರು ಕಟ್ಟಿದಂತಾಗುತ್ತದೆ. ಹಾಳೆಯಲ್ಲಿ ‘ಪಾಲಿಪ್’, ‘ಊದಿದ ಸುರುಳಿ’ ಎಂದು ಬೇರೆ ಬೇರೆಯಾಗಿಯೇ ಇರಲಿ.

ಮರುಮಾತು (ನೀರ್ಚಾಲಿನಿಂದ):

‘ನಡುಗೋಡೆ’ಗೆ ನನ್ನ ಒಪ್ಪಿಗೆ ಇದೆ. ‘ಏಣು’ ಹಿರಿಯರಿಗೆ ತಿಳಿದೀತು, ಎಳೆಯರಿಗೆ ಸಂಶಯ. ಪಕ್ಕದಲ್ಲಿ ‘ಕನ್ನಡಕ ಕೂರುವ ಜಾಗದಿಂದ ಕೆಳಕ್ಕೆ’ ಎಂದು ಒಂದು ಚಿತ್ರ ಹಾಕಿಬಿಡಿ.

ಕರಡಿನ ಅಪಾಯಗಳ ಭಾಗದಲ್ಲಿ ‘ನೋವಿಲ್ಲದ, ರಕ್ತರಹಿತ’ ಎಂಬ ಮಾತಿದ್ದರೆ ಹೊಡೆದುಹಾಕಬೇಕು. ಮೊದಲ ವಾರದ ಬಾವು, ಕಣ್ಣಿನ ಸುತ್ತಲಿನ ನೀಲಿ ಕಡಿಮೆಯಾಗಬಹುದು, ಅಷ್ಟೇ. ತುದಿಗೆ ಸಲೈನ್ ಹರಿಯುತ್ತಲೇ ಇರಬೇಕು. ಹರಿವು ನಿಂತರೆ, ಅಥವಾ ಬೇಗ ಮುಗಿಯಲೆಂದು ಕೈ ಒತ್ತಿದರೆ, ಎಲುಬು ಕಾಯುತ್ತದೆ. 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಎಲುಬಿಗೆ ಹಾನಿ. ತುದಿಯ ಕಾಂಡ ತಗಲಿದರೆ ಚರ್ಮದ ಅಂಚು ಸುಡಬಹುದು. ಉಪಕರಣ ಕಣ್ಣಿಗೆ ಕಾಣುವಂತೆ ಚರ್ಮವನ್ನು ಹೆಚ್ಚು ಅಗಲಕ್ಕೆ ಬಿಡಿಸಬೇಕಾಗುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಇದನ್ನು ಕರಡಿನಲ್ಲಿ ಹೇಳದೆ ಬಿಟ್ಟರೆ ಕೊಳ್ಳುವವರಿಗೆ ಬರೆದ ಜಾಹೀರಾತಾದೀತು.

ಮನೆಗೆ ಹೋದ ಮೇಲಿನ ಸೂಚನೆಗಳಲ್ಲಿ ಕ್ರಿಯಾಪದವನ್ನು ನೇರವಾಗಿಡಿ. ‘ಮೂಗಿನ ಮೇಲಿನ ಹೊರಪಟ್ಟಿ (ಸ್ಪ್ಲಿಂಟ್) ಸುಮಾರು ಒಂದು ವಾರ ತೆಗೆಯಬೇಡಿ. ಎರಡು ವಾರ ಮೂಗು ಸೀಂಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ನಾಲ್ಕರಿಂದ ಆರು ವಾರ ಕನ್ನಡಕದ ಭಾರ ಏಣಿನ ಮೇಲೆ ಬೀಳಬಾರದು. ಎರಡೂ ಹೊಳ್ಳೆ ಒಟ್ಟಿಗೆ ಕಟ್ಟಿ ನೋವು ಏರುತ್ತಾ ಹೋದರೆ ಅದೇ ದಿನ ಬನ್ನಿ.’ ಕೊನೆಯದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ. ನಡುಗೋಡೆಯ ಪೊರೆಯಡಿ ರಕ್ತ ಹೆಪ್ಪುಗಟ್ಟಿದರೆ ಮೃದ್ವಸ್ಥಿಗೆ ಆಹಾರ ತಪ್ಪುತ್ತದೆ, ಕೆಲವೇ ದಿನಗಳಲ್ಲಿ ಅದು ಸತ್ತು ಮೂಗು ಕುಸಿಯುತ್ತದೆ.

ಒಂದೇ ಹೆಸರು ಹುಡುಕುವುದನ್ನು ಬಿಡುವುದೇ ಮೇಲು. ‘ಹೊರರೂಪ ತಿದ್ದುವುದು’, ‘ಉಸಿರುದಾರಿ ಬಿಡಿಸುವುದು’ ಎಂದು ಎರಡು ಚೌಕ ಹಾಕಿ, ರೋಗಿ ಯಾವುದಕ್ಕೆ ಒಪ್ಪಿದರೋ ಅಲ್ಲಿ ಗುರುತು ಮಾಡಲಿ. ಎರಡಕ್ಕೂ ಸಹಿ ಬೇರೆ ಬೇರೆ ಇರಲಿ.