ಪಾರ್ಕಿನ ಗಡಿ ದಾಟಿದ ಬೈಸನ್‌ಗಳಿಗೆ ಯಾಕೆ ರಕ್ಷಣೆ ಇಲ್ಲ?

ಹಿಮದಾರಿ:
ಫೆಬ್ರವರಿಯಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಪಾರ್ಕಿಗೆ ಹೋಗಿದ್ದೆ. ಲಾಮಾರ್ ಕಣಿವೆಯಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ಬೈಸನ್ (ಅಮೆರಿಕದ ದೊಡ್ಡ ಕಾಡುದನ) ಹಿಂಡನ್ನೇ ನೋಡುತ್ತಾ ಕೂತಿದ್ದೆ. ಒಂದು ಹೆಣ್ಣು ಬೈಸನ್ ಹಿಮದೊಳಗೆ ಮುಖ ತೂರಿಸಿ, ತಲೆಯನ್ನು ಆ ಕಡೆ ಈ ಕಡೆ ಬೀಸಿ ಬೀಸಿ ಗುಂಡಿ ಮಾಡಿ, ಕೊನೆಗೆ ಒಂದು ಬಾಯಿ ಒಣಹುಲ್ಲು ಕಿತ್ತುಕೊಂಡಿತು. ರೆಪ್ಪೆ ತನಕ ಹಿಮ ಮೆತ್ತಿತ್ತು. ಹಿಂದೆ ಅದರ ಕರು, ಅದೇ ಗುಂಡಿಗೆ ಬಾಯಿ ಹಾಕಲು ಕಾಯುತ್ತಾ ನಿಂತಿತ್ತು.

ಮರುದಿನ ಪಾರ್ಕಿನ ಅಂಚಿನ ಗಾರ್ಡಿನರ್ ಊರಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಮೇವು ಸಿಗದೆ ಉತ್ತರದ ಗಡಿ ದಾಟಿ ತಗ್ಗಿಗೆ ಇಳಿಯುವ ಬೈಸನ್‌ಗಳಲ್ಲಿ ಎಷ್ಟೋ ಬೇಟೆಗೆ ಬಲಿಯಾಗುತ್ತವಂತೆ, ಇನ್ನು ಕೆಲವನ್ನು ಹಿಡಿದು ಕಸಾಯಿಖಾನೆಗೆ ಕಳಿಸುತ್ತಾರಂತೆ. 2016ರಲ್ಲಿ ಇದನ್ನೇ ರಾಷ್ಟ್ರೀಯ ಸಸ್ತನಿ ಅಂತ ಘೋಷಿಸಿದ ದೇಶ ಅದು. ದನಗಳಿಗೆ ರೋಗ ಹರಡುತ್ತೆ ಅನ್ನೋದು ಕಾರಣವಂತೆ. ನಿಜಾನಾ? ಗೊತ್ತಿದ್ದವರು ಹೇಳಿ.

ಗೋಮಾಳ:
ನಾನು ಪಶುವೈದ್ಯ, ರೋಗದ ಬಗ್ಗೆ ಹೇಳುತ್ತೇನೆ. ಅದು ಬ್ರುಸೆಲ್ಲೋಸಿಸ್. ದನ ಸಾಕಿದವರಿಗೆಲ್ಲ ಗೊತ್ತು, ಗಬ್ಬದ ಹಸು ಕಂದು ಹಾಕುವ ರೋಗ. ಯೆಲ್ಲೊಸ್ಟೋನ್ ಬೈಸನ್‌ಗಳಲ್ಲಿ ಇದು ಮೊದಲು ಪತ್ತೆಯಾದದ್ದು 1917ರಲ್ಲಿ. ಅವಕ್ಕೆ ಅದು ಬಂದದ್ದು ಸಾಕಿದ ದನಗಳಿಂದಲೇ. ಇದನ್ನು ಯಾರೂ ಮರೆಯಬಾರದು.

ರೋಗ ಸುಮ್ನೆ ಗಾಳಿಯಲ್ಲಿ ಹಾರಿಕೊಂಡು ಹೋಗುವುದಿಲ್ಲ. ಕಂದು ಹಾಕಿದಾಗ ಅಥವಾ ಕರು ಹಾಕಿದಾಗ ಬಿದ್ದ ಮಾಸು, ನೀರು, ಅದನ್ನು ಇನ್ನೊಂದು ಪ್ರಾಣಿ ನೆಕ್ಕಿದರೆ ಹರಡುತ್ತದೆ. ಅಂದರೆ ಅಪಾಯ ಇರುವುದು ಚಳಿಗಾಲದ ಕೊನೆಯಿಂದ ಬೇಸಿಗೆಯ ಶುರುವಿನವರೆಗೆ, ಅದೂ ಅದೇ ಜಾಗದಲ್ಲಿ ದನ ಮೇಯುತ್ತಿದ್ದರೆ. ಕಾಡಿನಲ್ಲಿ ಬೈಸನ್‌ನಿಂದ ದನಕ್ಕೆ ರೋಗ ದಾಟಿದ ಒಂದು ಪ್ರಕರಣವೂ ದಾಖಲಾಗಿಲ್ಲ. ಎಲ್ಕ್ ಜಿಂಕೆಗಳಿಂದ ದಾಟಿದ್ದು ದಾಖಲಾಗಿದೆ. ಆದರೆ ಎಲ್ಕ್ ಗಡಿ ದಾಟಿದರೆ ಯಾರೂ ಅಟ್ಟಿಕೊಂಡು ಬರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಪಾರ್ಕಿಗೆ ತಾಗಿದ ಮೊಂಟಾನಾ ರಾಜ್ಯ ಇದೇ ಕಾರಣಕ್ಕೆ 1995ರಲ್ಲಿ ಕೋರ್ಟಿಗೆ ಹೋಯಿತು. 1996-97ರ ಕಡು ಚಳಿಯಲ್ಲಿ ಸಾವಿರಕ್ಕೂ ಜಾಸ್ತಿ ಬೈಸನ್‌ಗಳನ್ನು ಕೊಂದರು. ಆಮೇಲೆ 2000ದಲ್ಲಿ ಒಪ್ಪಂದ ಆಯಿತು, ಪಾರ್ಕಿನವರೂ ರಾಜ್ಯದವರೂ ಸೇರಿ ನಿಭಾಯಿಸಬೇಕು ಅಂತ.

ತಂತಿಬೇಲಿ:
ಪಶುವೈದ್ಯರು ಹೇಳಿದ್ದು ಸರಿ, ಆದರೆ ದನ ಸಾಕುವವರನ್ನು ಖಳರಂತೆ ನೋಡಬೇಡಿ. ಮೊಂಟಾನಾದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಒಂದು ಮಂದೆಯಲ್ಲಿ ರೋಗ ಸಿಕ್ಕರೆ ಇಡೀ ಮಂದೆಯ ಓಡಾಟ, ಮಾರಾಟ ನಿಲ್ಲುತ್ತದೆ, ಪರೀಕ್ಷೆ ಮೇಲೆ ಪರೀಕ್ಷೆ. ಜೊತೆಗೆ ಒಂಬೈನೂರು ಕಿಲೋ ತೂಗುವ ಬೈಸನ್ ಹೋರಿ ಮೈ ಕೆರೆತಕ್ಕೆ ಬೇಲಿಗೂಟಕ್ಕೆ ಉಜ್ಜಿದರೆ ಗೂಟ ಉಳಿಯುತ್ತಾ? ನಾನಿದ್ದ ಮನೆಯ ಮುದುಕ ಒಂದು ಬೆಳಗ್ಗೆ ಮುರಿದ ಬೇಲಿ ಮುಂದೆ ನಿಂತು, ತಂತಿಗೆ ಸಿಕ್ಕಿಕೊಂಡಿದ್ದ ಕಂದು ಉಣ್ಣೆಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡ. ಬೈಸನ್ ಅಂದರೆ ಅವನಿಗೆ ಪ್ರೀತಿಯೇ, ಬೇಲಿ ಖರ್ಚು ಮಾತ್ರ ಅವನೊಬ್ಬನ ತಲೆ ಮೇಲೆ ಬೀಳುತ್ತಿತ್ತು. ಅಂಥವರಿಗೆ ಗಟ್ಟಿ ಬೇಲಿ ಕಟ್ಟಿಸಿಕೊಡಲಿ, ಮೇವಿನ ಜಾಗ ಬಿಟ್ಟುಕೊಟ್ಟರೆ ದುಡ್ಡು ಕೊಡಲಿ. ಜಗಳ ಅರ್ಧ ಕಡಿಮೆ ಆಗುತ್ತದೆ.

ಹಿಮದಾರಿ:
ಹಾಗಾದರೆ ಪಾರ್ಕಿನ ಒಳಗೇ ಮೇವು ಹಾಕಿ ಇಟ್ಟುಕೊಂಡರೆ ಆಗಲ್ವಾ?

ಬಯಲಹುಲ್ಲು:
ಆಗಲ್ಲ, ಮೇವು ಹಾಕಿ ಕೂಡಿಟ್ಟರೆ ಅದು ದನದ ಮಂದೆಯೇ ಆಗಿಬಿಡುತ್ತದೆ. ಗುಂಪು ಒತ್ತಾದರೆ ರೋಗವೂ ಜಾಸ್ತಿ. ಯೆಲ್ಲೊಸ್ಟೋನ್‌ನ ಬಹುಪಾಲು ಎತ್ತರದ ಪ್ರಸ್ಥಭೂಮಿ. ಹಿಮ ದಪ್ಪವಾಗಿ ಗಟ್ಟಿಯಾದ ಮೇಲೆ ಹಿಣಿಲಿನ ಬಲವೂ ಸಾಲುವುದಿಲ್ಲ, ಕೆಳಗಿನ ಕಣಿವೆಗೆ ಇಳಿಯಲೇಬೇಕು. 1872ರಲ್ಲಿ ಪಾರ್ಕಿನ ಗೆರೆ ಎಳೆದವರು ಪ್ರಾಣಿಗಳು ಚಳಿಗಾಲಕ್ಕೆ ಎಲ್ಲಿಗೆ ಇಳಿಯುತ್ತವೆ ಅಂತ ನೋಡಿ ಎಳೆದದ್ದಲ್ಲ. ಹಿಂಡನ್ನು ಉಳಿಸಿ ಅದು ನಡೆಯುವ ದಾರಿಯನ್ನು ಬಿಟ್ಟರೆ ಅರ್ಧ ಪ್ರಾಣಿಯನ್ನು ಉಳಿಸಿದ ಹಾಗೆ.

ಅವು ನಡೆದಾಡಿದರೆ ನೆಲಕ್ಕೂ ಒಳ್ಳೆಯದು. ಬೈಸನ್ ದೂಳಿನಲ್ಲಿ ಹೊರಳಾಡಿದ ಜಾಗ ತಟ್ಟೆಯಂತೆ ತಗ್ಗಾಗುತ್ತದೆ. ಮಳೆ ಬಂದಾಗ ಅಲ್ಲಿ ನೀರು ನಿಲ್ಲುತ್ತದೆ, ಕಪ್ಪೆ ಬರುತ್ತದೆ, ಸುತ್ತಲಿನ ಹುಲ್ಲಿಗಿಂತ ಬೇರೆ ಜಾತಿಯ ಗಿಡ ಹುಟ್ಟುತ್ತದೆ. ಒಂದು ಕಾಲದಲ್ಲಿ ಉತ್ತರ ಅಮೆರಿಕದಲ್ಲಿ ಮೂರರಿಂದ ಆರು ಕೋಟಿ ಬೈಸನ್ ಇದ್ದವು ಅಂತ ಅಂದಾಜು. 1880ರ ದಶಕದ ಕೊನೆಗೆ ಸಾವಿರವೂ ಉಳಿದಿರಲಿಲ್ಲ. 1902ರಲ್ಲಿ ಯೆಲ್ಲೊಸ್ಟೋನ್ ಒಳಗೆ ಉಳಿದ ಕಾಡು ಬೈಸನ್ ಸುಮಾರು ಎರಡು ಡಜನ್. ಈಗ ಸುಮಾರು ಐದು ಸಾವಿರ.

ದಾರಿ ಇಲ್ಲ ಅಂತಲ್ಲ. ರೋಗ ಇಲ್ಲದವನ್ನು ವರ್ಷಗಟ್ಟಲೆ ಪ್ರತ್ಯೇಕ ಇಟ್ಟು, ಪರೀಕ್ಷೆ ಮಾಡಿ, ಮೂಲನಿವಾಸಿಗಳ ನೆಲಕ್ಕೆ ಕಳಿಸುತ್ತಿದ್ದಾರೆ. 2019ರಲ್ಲಿ ಹೀಗೆ 55 ಬೈಸನ್ ಹೋರಿಗಳು ಮೊಂಟಾನಾದ ಫೋರ್ಟ್ ಪೆಕ್ ಅನ್ನುವ ಮೂಲನಿವಾಸಿ ಪ್ರದೇಶಕ್ಕೆ ಹೋದವು. 2023ರ ಜೂನ್‌ನಲ್ಲಿ ಬ್ಲ್ಯಾಕ್‌ಫೀಟ್ ಅನ್ನುವ ಮೂಲನಿವಾಸಿ ಜನ ತಮ್ಮ ಪವಿತ್ರ ಬೆಟ್ಟ ಚೀಫ್ ಮೌಂಟನ್ ಹತ್ತಿರ ಒಂದು ಹಿಂಡನ್ನು ಬೇಲಿ ಇಲ್ಲದ ನೆಲಕ್ಕೆ ಬಿಟ್ಟರು. ಆ ಸುದ್ದಿ ಓದಿದ ದಿನ ಖುಷಿಗೆ ಕಣ್ಣು ತುಂಬಿತ್ತು.

ಇನ್ನೊಂದು ಮಾತು. 2022-23ರ ಚಳಿಗಾಲದಲ್ಲಿ ಗಡಿಯ ಬಳಿ ಸಾವಿರಕ್ಕೂ ಹೆಚ್ಚು ಬೈಸನ್ ಬೇಟೆಗೆ ಬಲಿಯಾದವು ಅಂತ ಕೆಲವರು ಮೂಲನಿವಾಸಿಗಳನ್ನು ಬೈಯುತ್ತಾರೆ. ಅವರಿಗೆ ಅಮೆರಿಕ ಸರ್ಕಾರದ ಜೊತೆಗಿನ ಹಳೆಯ ಒಪ್ಪಂದದಿಂದ ಬಂದ ಬೇಟೆಯ ಹಕ್ಕಿದೆ, ಬೈಸನ್ ಅವರ ಊಟವೂ ಹೌದು ದೇವರೂ ಹೌದು. ತಪ್ಪಿರುವುದು ಜಾಗದಲ್ಲಿ. ಸಾವಿರಾರು ಪ್ರಾಣಿಗಳಿಗೆ ಹೊರಬರಲು ಒಂದೆರಡು ಇಕ್ಕಟ್ಟಾದ ಬಾಯಿ ಮಾತ್ರ ಬಿಟ್ಟರೆ ಬೇಟೆ ಪೂರ್ತಿ ಅಲ್ಲೇ ರಾಶಿ ಬೀಳುತ್ತದೆ. ಜಾಗ ಅಗಲ ಮಾಡಿದರೆ ಬೈಸನ್ ಹರಡಿಕೊಳ್ಳುತ್ತವೆ, ಬೇಟೆಯೂ ಹರಡುತ್ತದೆ.

ಗೋಮಾಳ:
ಜಾಗ ಅಗಲ ಮಾಡಿದ ಉದಾಹರಣೆಯೂ ಇದೆ. ಪಶ್ಚಿಮದ ಗಡಿಯಾಚೆ ಹಾರ್ಸ್ ಬ್ಯೂಟ್ ಅಂತ ಒಂದು ಜಾಗ, ಅಲ್ಲಿ ದನ ಮೇಯುವುದಿಲ್ಲ. ವರ್ಷಪೂರ್ತಿ ಬೈಸನ್ ಅಲ್ಲಿ ಇರಬಹುದು ಅಂತ 2015ರ ಕೊನೆಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಕರು ಹಾಕುತ್ತವೆ, ಕಿತ್ತಳೆ ಬಣ್ಣದ ಕರುಗಳು, ನೋಡಲು ಎರಡು ಕಣ್ಣು ಸಾಲದು.

ಹಿಮದಾರಿ:
ಮುಂದಿನ ಸಲ ಏಪ್ರಿಲ್ ಕೊನೆಗೆ ಹೋಗಿ ಹಾರ್ಸ್ ಬ್ಯೂಟ್ ನೋಡುತ್ತೇನೆ. ಎಷ್ಟು ದೂರ ನಿಲ್ಲಬೇಕು?

ಬಯಲಹುಲ್ಲು:
ಪಾರ್ಕಿನ ನಿಯಮ 23 ಮೀಟರ್. ಕರು ಇದ್ದರೆ ಇನ್ನೂ ದೂರ ನಿಲ್ಲಿ. 2016ರಲ್ಲಿ ಪ್ರವಾಸಿಗರು ಚಳಿಯಾಗುತ್ತಿದೆ ಅಂತ ಒಂದು ಕರುವನ್ನು ಕಾರಲ್ಲಿ ಹಾಕಿಕೊಂಡು ತಂದರು. ಆಮೇಲೆ ಹಿಂಡು ಅದನ್ನು ಸೇರಿಸಿಕೊಳ್ಳಲೇ ಇಲ್ಲ, ಕೊನೆಗೆ ಅದಕ್ಕೆ ದಯಾಮರಣ ಕೊಡಬೇಕಾಯಿತು. ದುರ್ಬೀನು ತೆಗೆದುಕೊಂಡು ಹೋಗಿ.