ಸಾಯಬೇಕಾದ ಕೋಶ ಸಾಯದಿದ್ದರೆ? ರೋಗನಿರೋಧಕ ವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಜೀವಕೋಶಗಳು ತಾವಾಗಿಯೇ ಸಾಯುವ ಬಗೆ, ಅಂದರೆ ಅಪೊಪ್ಟೋಸಿಸ್, ಮತ್ತು ರೋಗನಿರೋಧಕ ವ್ಯವಸ್ಥೆ ಕುರಿತು ಸಂಶೋಧನೆ ಮಾಡುವ ಮೇಡಂ ಇವತ್ತು ನಮ್ಮ ಗುಂಪಿನಲ್ಲಿದ್ದಾರೆ. ಪ್ರಶ್ನೆಗಳನ್ನು ಇಲ್ಲೇ ಕೆಳಗೆ ಹಾಕಿ. ಔಷಧಿ ಬರೆದುಕೊಡಿ ಅನ್ನಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಹೈಸ್ಕೂಲ್ ಮೇಷ್ಟ್ರು: ನಮಸ್ಕಾರ ಮೇಡಂ. ಗಾಯವಾಗಿ ಕೋಶ ಸಾಯುವುದು ಮಕ್ಕಳಿಗೆ ಅರ್ಥವಾಗುತ್ತದೆ. ಚೆನ್ನಾಗಿರುವ ಕೋಶ ಯಾಕೆ ಸಾಯಬೇಕು ಅಂತ ಕೇಳುತ್ತಾರೆ.

ವಿಜ್ಞಾನಿ: ನಮಸ್ಕಾರ. ಅವರಿಗೆ ಸಿ. ಎಲೆಗನ್ಸ್ ಹುಳುವಿನ ಕಥೆ ಹೇಳಿ. ಒಂದು ಮಿಲಿಮೀಟರ್ ಉದ್ದದ ಹುಳು. ದ್ವಿಲಿಂಗಿ ಹುಳು ಬೆಳೆಯುವಾಗ 1090 ದೇಹಕೋಶಗಳು ಹುಟ್ಟುತ್ತವೆ, 131 ಸಾಯುತ್ತವೆ, 959 ಉಳಿಯುತ್ತವೆ. ಅಂಥ ಯಾವ ಹುಳು ತೆಗೆದುಕೊಂಡರೂ ಅದೇ 131. ಇದನ್ನು ಬೆನ್ನುಹತ್ತಿದ ಬ್ರೆನರ್, ಸಲ್ಸ್‌ಟನ್, ಹಾರ್ವಿಟ್ಜ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಗಾಯದಲ್ಲಿ ಕೋಶ ಒಡೆದು ಒಳಗಿನದೆಲ್ಲ ಚೆಲ್ಲುತ್ತದೆ, ಸುತ್ತ ಉರಿಯೂತ ಏಳುತ್ತದೆ. ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗಿ, ತನ್ನ ಡಿಎನ್‌ಎ ತುಂಡರಿಸಿಕೊಂಡು, ಹೊರಪೊರೆಯ ಮೇಲೆ ‘ನನ್ನನ್ನು ನುಂಗು’ ಎಂಬ ಗುರುತು ತೋರಿಸುತ್ತದೆ. ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶ ಬಂದು ಸದ್ದಿಲ್ಲದೆ ನುಂಗುತ್ತದೆ.

ಆರೋಗ್ಯಪ್ರಿಯ: ಮೇಡಂ, ಇಮ್ಯುನಿಟಿ ಹೆಚ್ಚಿಸಲು ಯಾವ ಮಾತ್ರೆ ಒಳ್ಳೆಯದು?

ವಿಜ್ಞಾನಿ: ಯಾವುದೂ ಇಲ್ಲ. ಲಸಿಕೆ ಹಾಕಿಸಿಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ.

ಮಗುವಿನ ಅಮ್ಮ: ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ. ಒಂದು ವರ್ಷದಿಂದ ಕುತ್ತಿಗೆ, ಕಂಕುಳಲ್ಲಿ ಗಂಟುಗಳಿವೆ, ನೋವಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ, ಟಿಬಿ ಇಲ್ಲ ಅಂದರು. ಹೊಟ್ಟೆಯೊಳಗಿನ ಸ್ಪ್ಲೀನ್ (ಗುಲ್ಮ) ದೊಡ್ಡದಾಗಿದೆ. ಪ್ಲೇಟ್ಲೆಟ್ ಎರಡು ಸಲ ತೀರಾ ಇಳಿದು ಸ್ಟಿರಾಯ್ಡ್ ಕೊಟ್ಟರು, ಈಗಲೂ ನಡೀತಿದೆ. ಬಿ12 ಮಾತ್ರೆ ಕೊಟ್ಟೇ ಇಲ್ಲ, ಆದರೂ ರಿಪೋರ್ಟಿನಲ್ಲಿ ವಿಪರೀತ ಜಾಸ್ತಿ. ಸ್ಪ್ಲೀನ್ ತೆಗೆಸಿಬಿಡಿ ಅಂತ ಒಬ್ಬರು ಹೇಳಿದ್ದಾರೆ. ಮನೆಯವರು ಇಮ್ಯುನಿಟಿ ಟಾನಿಕ್ ಕೊಡು ಅಂತಾರೆ. ದಿಕ್ಕೇ ತೋಚುತ್ತಿಲ್ಲ.

ಪ್ರಶ್ನೆಗಾರ: ಕೂದಲು ಉದುರುವುದೂ ಅಪೊಪ್ಟೋಸಿಸ್ಸಾ?

ವಿಜ್ಞಾನಿ: ಮಗುವಿನ ಅಮ್ಮನವರಿಗೆ: ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ಇಲ್ಲಿ ಕೂತು ಕಾಯಿಲೆ ಇಂಥದ್ದೇ ಅನ್ನಲಾರೆ. ಆದರೆ ನೀವು ಬರೆದ ನಾಲ್ಕೂ ಒಂದೇ ಮಗುವಿನಲ್ಲಿ ಇವೆ ಅಂದಾಗ ಸುಮ್ಮನಿರಲೂ ಆಗುವುದಿಲ್ಲ. ವರ್ಷದಿಂದ ಕರಗದ ಗಂಟು, ದೊಡ್ಡ ಸ್ಪ್ಲೀನ್, ಮತ್ತೆ ಮತ್ತೆ ಇಳಿಯುವ ಪ್ಲೇಟ್ಲೆಟ್, ಕಾರಣವಿಲ್ಲದೆ ಏರಿದ ಬಿ12.

ಸೋಂಕು ಬಂದಾಗ ಅದಕ್ಕೆ ಹೊಂದುವ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಸಾವಿರಾರು ಪಟ್ಟು ಹೆಚ್ಚುತ್ತವೆ. ಸೋಂಕು ಹೋದ ಮೇಲೆ ಬಹುಪಾಲು ಸಾಯಬೇಕು. ಸಾಯಿ ಎಂಬ ಸೂಚನೆ ಮುಟ್ಟಿಸುವ ದಾರಿಗಳಲ್ಲಿ ಕೋಶದ ಮೇಲಿರುವ ‘ಫಾಸ್’ ಎಂಬ ಪ್ರೋಟೀನ್ ಒಂದು. ಅದರ ಜೀನ್ ಕೆಟ್ಟರೆ ಕೆಲಸ ಮುಗಿಸಿದ ಕೋಶಗಳು ಗಂಟುಗಳಲ್ಲಿ, ಸ್ಪ್ಲೀನಿನಲ್ಲಿ ಠಿಕಾಣಿ ಹೂಡುತ್ತವೆ. ಜೊತೆಗೆ ಸ್ವಂತ ರಕ್ತಕಣಗಳ ಮೇಲೆ ಎರಗುವ ಪ್ರತಿಕಾಯಗಳೂ ಹುಟ್ಟುತ್ತವೆ. ಇಲಿಗಳಲ್ಲಿ ಇದು ಗೊತ್ತಾಗಿದ್ದು 1992ರಲ್ಲಿ, ಮಕ್ಕಳಲ್ಲಿ 1995ರಲ್ಲಿ. ಕಾಯಿಲೆಯ ಹೆಸರು ಆಟೊಇಮ್ಯೂನ್ ಲಿಂಫೊಪ್ರೊಲಿಫರೇಟಿವ್ ಸಿಂಡ್ರೋಮ್, ಚಿಕ್ಕದಾಗಿ ಎಎಲ್‌ಪಿಎಸ್. ಅಪರೂಪದ್ದು. ನಿಮ್ಮ ಮಗನಿಗೆ ಇರುವುದು ಬೇರೆಯದೇ ಇರಬಹುದು, ಆದರೆ ಇದನ್ನು ಪರೀಕ್ಷಿಸದೆ ಬಿಡಬಾರದು.

ಮಕ್ಕಳ ರಕ್ತರೋಗ ಅಥವಾ ಇಮ್ಯುನಾಲಜಿ ತಜ್ಞರನ್ನು ಹೀಗೇ ಕೇಳಿ: ‘ಫ್ಲೋ ಸೈಟೋಮೆಟ್ರಿಯಲ್ಲಿ ಡಬಲ್ ನೆಗೆಟಿವ್ ಟಿ ಕೋಶ ಎಣಿಸಿದ್ದೀರಾ? ಫಾಸ್ ಜೀನ್ ಪರೀಕ್ಷೆ ಬೇಕಾ?’ ಫ್ಲೋ ಸೈಟೋಮೆಟ್ರಿ ಅಂದರೆ ರಕ್ತದ ಕೋಶಗಳನ್ನು ಬಗೆಬಗೆಯಾಗಿ ಎಣಿಸುವ ಪರೀಕ್ಷೆ. ಟಿ ಕೋಶ ಒಂದು ಬಗೆಯ ಲಿಂಫೋಸೈಟ್. ಸಿಡಿ4, ಸಿಡಿ8 ಎಂಬ ಗುರುತು ಪ್ರೋಟೀನ್‌ಗಳು ಎರಡೂ ಇಲ್ಲದ ಆ ಟಿ ಕೋಶಗಳು ಆರೋಗ್ಯವಂತರಲ್ಲಿ ಬಹಳ ಕಡಿಮೆ.

ಸ್ಪ್ಲೀನ್ ತೆಗೆಸುವ ಮುಂಚೆ ಈ ಉತ್ತರ ಕೈಯಲ್ಲಿರಲಿ. ಈ ಕಾಯಿಲೆಯಲ್ಲಿ ತೆಗೆಸಿದರೂ ರಕ್ತಕಣ ಮತ್ತೆ ಇಳಿಯುವುದುಂಟು, ರಕ್ತಕ್ಕೆ ಸೋಂಕು ಹರಡುವ ಅಪಾಯವಂತೂ ಬಹಳ ಏರುತ್ತದೆ. ಸಿರೊಲಿಮಸ್, ಮೈಕೊಫಿನೊಲೇಟ್‌ನಂಥ ಔಷಧಿಗಳಿವೆ, ಅದನ್ನು ಅವರು ತೀರ್ಮಾನಿಸುತ್ತಾರೆ. ಸ್ಟಿರಾಯ್ಡ್ ನೀವಾಗಿಯೇ ನಿಲ್ಲಿಸಬೇಡಿ. ಹೊಟ್ಟೆಗೆ ಪೆಟ್ಟು ಬೀಳುವ ಆಟ ಬೇಡ. ಜ್ವರ, ರಕ್ತಸ್ರಾವ, ಹಠಾತ್ ಹೊಟ್ಟೆನೋವು, ಇದ್ದಕ್ಕಿದ್ದಂತೆ ಬೆಳೆಯುವ ಗಂಟು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಫಾಸ್ ಜೀನ್ ಕೆಟ್ಟವರಲ್ಲಿ ಲಿಂಫೋಮಾ ಎಂಬ ಲಿಂಫೋಸೈಟ್ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಬಯಾಪ್ಸಿ ಒಮ್ಮೆ ಸರಿ ಬಂತೆಂದು ನಿಗಾ ಬಿಡಬಾರದು.

ಟಾನಿಕ್ ಕೊಡಬೇಡಿ. ಬ್ರೇಕು ಹಿಡಿಯದ ಗಾಡಿಗೆ ಯಾರಾದರೂ ಆಕ್ಸಿಲರೇಟರ್ ಒತ್ತುತ್ತಾರಾ?

ಆರೋಗ್ಯಪ್ರಿಯ: ಹಾಗಾದರೆ ಇದನ್ನು ನೋಡಿ. ‘72 ಗಂಟೆ ಬರೀ ನೀರು ಕುಡಿದರೆ ದೇಹವೇ ಕ್ಯಾನ್ಸರ್ ಕಣಗಳನ್ನು ತಿಂದುಹಾಕುತ್ತದೆ. ಇದಕ್ಕೆ ನೊಬೆಲ್ ಬಂದಿದೆ. ಹತ್ತು ಜನರಿಗೆ ಕಳಿಸಿ.’ ನಿಜ ತಾನೇ?

ವಿಜ್ಞಾನಿ: ಸುಳ್ಳು. 2016ರ ನೊಬೆಲ್ ಒಸುಮಿ ಅವರಿಗೆ ಬಂದದ್ದು ಆಟೊಫೇಜಿ ಹೇಗೆ ನಡೆಯುತ್ತದೆಂದು ಕಂಡುಹಿಡಿದದ್ದಕ್ಕೆ, ಅದೂ ಯೀಸ್ಟ್‌ನಲ್ಲಿ. ಉಪವಾಸದ ಚಿಕಿತ್ಸೆಗಲ್ಲ. ಆಟೊಫೇಜಿಯಲ್ಲಿ ಕೋಶ ತನ್ನದೇ ಹಳೆಯ ಭಾಗಗಳನ್ನು ಕರಗಿಸಿಕೊಂಡು ಬದುಕಿಕೊಳ್ಳುತ್ತದೆ. ಎಷ್ಟೋ ಗಡ್ಡೆಗಳ ಕೋಶಗಳೂ ಇದೇ ಉಪಾಯದಿಂದ ಉಳಿದುಕೊಳ್ಳುತ್ತವೆ. ಇನ್ಸುಲಿನ್ ತಗೊಳ್ಳುವವರು ಇದನ್ನು ನಂಬಿ ಮೂರು ದಿನ ಊಟ ಬಿಟ್ಟರೆ ಪ್ರಾಣಕ್ಕೇ ಕುತ್ತು. ಹತ್ತು ಜನರಿಗೆ ಕಳಿಸುವಾಗ ಅವರಲ್ಲಿ ಅಂಥವರಿಲ್ಲ ಅಂತ ನಿಮಗೆ ಗೊತ್ತಾ?

ಆರೋಗ್ಯಪ್ರಿಯ: ಕೇಳಿದ್ದೇ ತಪ್ಪಾಯ್ತು ಬಿಡಿ. ಔಷಧಿ ಕಂಪನಿಗಳಿಗೆ ಇದು ಬೇಕಾಗಿಲ್ಲ, ಅಷ್ಟೇ.

ಎಂಎಸ್ಸಿ ವಿದ್ಯಾರ್ಥಿನಿ: ನೀವು ಕೇಳಲಿಲ್ಲ, ಪ್ರಚಾರ ಮಾಡಿದಿರಿ. ಎರಡಕ್ಕೂ ವ್ಯತ್ಯಾಸ ಇದೆ.

ಆರೋಗ್ಯಪ್ರಿಯ: ನಿನ್ನ ವಯಸ್ಸೆಷ್ಟಮ್ಮ? ದೊಡ್ಡವರ ಹತ್ತಿರ ಮಾತಾಡೋದು ಕಲಿ.

ಹೈಸ್ಕೂಲ್ ಮೇಷ್ಟ್ರು: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದರು. ವಯಸ್ಸಿನ ಮಾತು ಯಾಕೆ ಇಲ್ಲಿ?

ಆರೋಗ್ಯಪ್ರಿಯ: ನೀವು ಮಕ್ಕಳಿಗೆ ಪಾಠ ಮಾಡಿ ಸ್ವಾಮಿ, ನಮಗೆ ಬೇಡ.

ಎಂಎಸ್ಸಿ ವಿದ್ಯಾರ್ಥಿನಿ: ಮೇಡಂ, ಬಿಸಿಎಲ್-2 ಜೀನ್ ಬಗ್ಗೆ ಹೇಳುತ್ತೀರಾ? ಪ್ರಯೋಗಾಲಯದ ಕೆಲಸ ನಿಜವಾಗಿ ಔಷಧಿಯಾದದ್ದು ಇದೊಂದೇನಾ?

ವಿಜ್ಞಾನಿ: ಒಂದೇ ಅಲ್ಲ, ಆದರೆ ನನಗೆ ಇಷ್ಟವಾದದ್ದು. ಕ್ಯಾನ್ಸರ್ ಜೀನ್ ಅಂದರೆ ಕೋಶ ಹೆಚ್ಚಿಸುವುದು ಅಂತ ತಿಳಿದಿದ್ದ ಕಾಲ. ಬಿಸಿಎಲ್-2 ಕೋಶವನ್ನು ಹೆಚ್ಚಿಸುವುದಿಲ್ಲ, ಸಾಯದಂತೆ ತಡೆಯುತ್ತದೆ ಅಂತ 1988ರಲ್ಲಿ ಮೆಲ್ಬರ್ನ್‌ನಲ್ಲಿ ಡೇವಿಡ್ ವಾಕ್ಸ್ ಮತ್ತು ಸಂಗಡಿಗರು ತೋರಿಸಿದರು. ಅದನ್ನು ತಡೆಯುವ ವೆನೆಟೊಕ್ಲಾಕ್ಸ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಒಂದು ಬಗೆಯ ರಕ್ತಕ್ಯಾನ್ಸರಿಗೆ. ನಡುವೆ 28 ವರ್ಷ. ಅದು ಕೆಲಸ ಮಾಡುವ ವೇಗ ಎಷ್ಟೆಂದರೆ, ಕೋಶಗಳು ಒಟ್ಟಿಗೆ ಸತ್ತು ಅವುಗಳ ಒಳಗಿನದು ರಕ್ತಕ್ಕೆ ಸುರಿದು ಕಿಡ್ನಿ ಕೆಡಬಹುದು. ಅದಕ್ಕೇ ಆ ಕ್ಯಾನ್ಸರಿನಲ್ಲಿ 20 ಮಿಲಿಗ್ರಾಂನಿಂದ ಶುರುಮಾಡಿ ವಾರವಾರವೂ ಏರಿಸಿ 400ಕ್ಕೆ ಒಯ್ಯುತ್ತಾರೆ.

ಹೊಸ ಸದಸ್ಯ: ಒಂದು ಎಲೆಯ ಸಾರ ಕ್ಯಾನ್ಸರ್ ಕೋಶಗಳನ್ನು ಸಾಯಿಸಿತು ಅಂತ ಸಂಶೋಧನಾ ಲೇಖನವೇ ಇದೆಯಲ್ಲ ಮೇಡಂ?

ವಿಜ್ಞಾನಿ: ಪ್ಲಾಸ್ಟಿಕ್ ತಟ್ಟೆಯಲ್ಲಿರುವ ಕೋಶ ಉಪ್ಪು ಹೆಚ್ಚಾದರೂ ಸಾಯುತ್ತದೆ. ಪಕ್ಕದ ತಟ್ಟೆಯ ಆರೋಗ್ಯವಂತ ಕೋಶ ಉಳಿಯಿತಾ, ಅಷ್ಟು ಸಾರ ರಕ್ತಕ್ಕೆ ಸೇರುತ್ತದಾ ಅಂತ ಮೊದಲು ಓದಿ.

ಪ್ರಶ್ನೆಗಾರ: ನನ್ನ ಕೂದಲಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಇನ್ನೊಬ್ಬ ಸದಸ್ಯ: ಮೇಡಂ, ಇಮ್ಯುನಿಟಿ ಬೂಸ್ಟ್ ಮಾಡೋಕೆ ಏನು ಮಾಡಬೇಕು?

ವಿಜ್ಞಾನಿ: ಮೇಲೆ ಓದಿ.

ಇನ್ನೊಬ್ಬ ಸದಸ್ಯ: ಓದಿದೆ, ಮಾತ್ರೆ ಹೆಸರು ಇಲ್ಲ.

ವಿಜ್ಞಾನಿ: ಇರುವುದಿಲ್ಲ.

ಮಗುವಿನ ಅಮ್ಮ: ಮೇಡಂ, ನೀವು ಬರೆದದ್ದನ್ನು ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳಿದೆ. ನಾಳೆ ರಕ್ತ ತಗೊಳ್ತೀವಿ ಅಂದರು. ನಮ್ಮ ಯಜಮಾನರಿಗೂ ಚಿಕ್ಕಂದಿನಲ್ಲಿ ಕುತ್ತಿಗೆ ತುಂಬ ಗಂಟು ಇದ್ದವಂತೆ, ದೊಡ್ಡವರಾದ ಮೇಲೆ ಹೋದವು. ಈಗ ಗಟ್ಟಿಮುಟ್ಟಾಗಿದ್ದಾರೆ. ಹಾಗಾದರೆ ಇದು ಅದಲ್ಲ ಅಲ್ವಾ?

ವಿಜ್ಞಾನಿ: ಅಲ್ಲ ಅನ್ನಲಾಗುವುದಿಲ್ಲ, ಸಂಶಯ ಹೆಚ್ಚಾಯಿತು. ಫಾಸ್ ಪ್ರೋಟೀನ್‌ಗಳು ಮೂರು ಮೂರು ಸೇರಿ ಕೆಲಸ ಮಾಡುತ್ತವೆ. ತಂದೆತಾಯಿಯಿಂದ ಬಂದ ಎರಡು ಜೀನ್‌ಗಳಲ್ಲಿ ಒಂದು ಕೆಟ್ಟರೂ ಅರ್ಧ ಪ್ರೋಟೀನ್ ಕೆಟ್ಟದ್ದೇ. ಮೂರೂ ಸರಿಯಿರುವ ಗುಂಪು ಸಿಗುವುದು ಎಂಟರಲ್ಲಿ ಒಂದು. ಹಾಗಾಗಿ ಹಲವು ಕುಟುಂಬಗಳಲ್ಲಿ ಒಂದೇ ಕಡೆಯಿಂದ ಬಂದರೂ ಸಾಕು. ಅದೇ ಕೆಟ್ಟ ಜೀನ್ ಇದ್ದೂ ಆರೋಗ್ಯವಾಗಿರುವವರಿದ್ದಾರೆ, ಚಿಕ್ಕಂದಿನ ಗಂಟು ವಯಸ್ಸಿನೊಂದಿಗೆ ಕರಗುವುದೂ ಉಂಟು. ಯಜಮಾನರ ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ಮಗನಲ್ಲಿ ಜೀನ್ ದೋಷ ಸಿಕ್ಕರೆ ಅವರನ್ನೂ ಪರೀಕ್ಷಿಸಬೇಕಾಗುತ್ತದೆ.

ಆರೋಗ್ಯಪ್ರಿಯ: ಅಪ್ಪನಿಗೆ ತಾನಾಗೇ ಹೋಯ್ತು ಅಂದರೆ ಮಗನಿಗೂ ಹೋಗುತ್ತೆ. ಸುಮ್ಮನೆ ಹೆದರಿಸಿ ಪರೀಕ್ಷೆ ಮಾಡಿಸ್ತಾರೆ. ಅಮ್ಮಾ, ನೀವು ನನಗೆ ಮೆಸೇಜ್ ಮಾಡಿ.

ವಿಜ್ಞಾನಿ: ಮೆಸೇಜ್ ಮಾಡಬೇಡಿ. ಪ್ಲೇಟ್ಲೆಟ್ ಇಳಿದು ಆ ಮಗುವಿಗೆ ತಲೆಯೊಳಗೆ ರಕ್ತಸ್ರಾವವಾದರೆ ನೀವು ಬರುತ್ತೀರಾ? ಅಡ್ಮಿನ್, ಇವರನ್ನು ನೋಡಿಕೊಳ್ಳಿ, ಇಲ್ಲವಾದರೆ ನಾನು ಹೊರಡುತ್ತೇನೆ.

ಎಂಎಸ್ಸಿ ವಿದ್ಯಾರ್ಥಿನಿ: ಇಂಥವರನ್ನು ಮೊದಲೇ ತೆಗೆಯಬೇಕಿತ್ತು.

ಆರೋಗ್ಯಪ್ರಿಯ: ತೆಗೆಯಿರಿ, ನನಗೇನು.

ಅಡ್ಮಿನ್: ತೆಗೆದಿದ್ದೇನೆ. ಹೊಸ ಪ್ರಶ್ನೆ ಇವತ್ತಿಗೆ ಬೇಡ.

ವಿಜ್ಞಾನಿ: ಮಗುವಿನ ಅಮ್ಮನವರಿಗೆ ಇನ್ನೊಂದು ಮಾತು. ನಾಳೆ ರಕ್ತ ಕೊಡುವಾಗ ಸ್ಟಿರಾಯ್ಡ್ ಎಷ್ಟು ಡೋಸ್ ನಡೆಯುತ್ತಿದೆ ಅಂತ ಚೀಟಿಯಲ್ಲಿ ಬರೆಸಿ. ಅದರಿಂದ ಲಿಂಫೋಸೈಟ್ ಇಳಿದಿದ್ದರೆ ಡಬಲ್ ನೆಗೆಟಿವ್ ಲೆಕ್ಕ ನಂಬುವಂತಿರುವುದಿಲ್ಲ. ಒಟ್ಟು ಲಿಂಫೋಸೈಟ್ ಎಣಿಕೆಯನ್ನೂ ಅದೇ ರಕ್ತದಲ್ಲಿ ಮಾಡಲು ಹೇಳಿ.