ಸಹಾಯ ಬೇಕು: ದೇವರು ಹೇಳಿದ್ದಕ್ಕೆ ಅದು ಒಳ್ಳೆಯದಾ, ಒಳ್ಳೆಯದು ಅಂತ ದೇವರು ಹೇಳಿದ್ದಾ?

ಫಿಲಾಸಫಿ ಓದಿಕೊಂಡವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ಲೇಟೋ ಬರೆದ ‘ಯೂಥಿಫ್ರೋ’ ಅನ್ನುವ ಸಂಭಾಷಣೆಯಲ್ಲಿ ಸಾಕ್ರಟೀಸ್ ಕೇಳುವ ಪ್ರಶ್ನೆ ಗೊತ್ತಲ್ವಾ? ಕೂಲಿಯವನೊಬ್ಬನ ಸಾವಿಗೆ ಸ್ವಂತ ತಂದೆಯ ಮೇಲೇ ಕೇಸು ಹಾಕಲು ಹೊರಟ ಯೂಥಿಫ್ರೋನನ್ನು (ಎಂಥಾ ಧೈರ್ಯ!) ಹಿಡಿದು ಕೇಳುತ್ತಾನೆ: ಪವಿತ್ರವಾಗಿದೆ ಅಂತ ದೇವತೆಗಳು ಅದನ್ನು ಮೆಚ್ಚುತ್ತಾರೋ, ಅವರು ಮೆಚ್ಚಿದ್ದಕ್ಕೇ ಅದು ಪವಿತ್ರವಾಯಿತೋ? ಮೊದಲನೆಯದಾದರೆ ನೀತಿಗೆ ದೇವರ ಅಪ್ಪಣೆ ಬೇಕಿಲ್ಲ. ಎರಡನೆಯದಾದರೆ ನಾಳೆ ದೇವರು ‘ಮಗುವನ್ನು ಹಿಂಸಿಸು’ ಅಂದರೆ ಅದೂ ಸರಿ ಆಗಿಬಿಡುತ್ತದೆ. ಇಲ್ಲಿವರೆಗೆ ಅರ್ಥವಾಯಿತು.

ಆಸ್ತಿಕರ ಉತ್ತರವನ್ನೂ ಓದಿದೆ. ದೇವರ ಸ್ವಭಾವವೇ ಒಳ್ಳೆಯದು, ಅಪ್ಪಣೆ ಬರುವುದು ಆ ಸ್ವಭಾವದಿಂದ, ಹಾಗಾಗಿ ಕ್ರೂರ ಅಪ್ಪಣೆ ಬರುವುದೇ ಇಲ್ಲ ಅಂತ. ಆದರೆ ದಯೆ ಒಳ್ಳೆಯದಾಗಿರುವುದು ಅದು ದೇವರಲ್ಲಿದೆ ಅಂತಲೋ, ಅಥವಾ ದಯೆ ತಾನಾಗಿಯೇ ಒಳ್ಳೆಯದಾಗಿರುವುದರಿಂದ ದೇವರನ್ನು ಒಳ್ಳೆಯವನು ಅನ್ನುತ್ತೇವೋ? ಅದೇ ಪ್ರಶ್ನೆಯನ್ನು ಸುಮ್ನೆ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದ ಹಾಗಿದೆ.

ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಆಲ್‌ಸ್ಟನ್ ಇದಕ್ಕೆ ಪ್ಯಾರಿಸ್‌ನ ಮೀಟರ್ ಕೋಲಿನ ಹೋಲಿಕೆ ಕೊಡುತ್ತಾರೆ. 1960ರವರೆಗೆ ಒಂದು ಮೀಟರ್ ಅಂದರೆ ಅಲ್ಲಿಟ್ಟಿದ್ದ ಲೋಹದ ಕೋಲಿನ ಉದ್ದ ಅಂತಲೇ ಇತ್ತು; ಆ ಕೋಲೇ ಅಳತೆ, ಅದನ್ನು ಅಳೆಯಲು ಇನ್ನೊಂದು ಅಳತೆ ಇರಲಿಲ್ಲ, ದೇವರೂ ಹಾಗೇ ಅಂತ. ಜಾಣ ಉತ್ತರವೇ. ಆದರೆ ಮೀಟರ್ ಎಷ್ಟುದ್ದ ಇರಬೇಕು ಅಂತ ಜನ ಕೂತು ತೀರ್ಮಾನಿಸಿದ್ದು, ಸ್ವಲ್ಪ ಗಿಡ್ಡ ಇದ್ದರೂ ನಡೆಯುತ್ತಿತ್ತು. ಒಳ್ಳೆಯತನ ಹಾಗಲ್ಲವಲ್ಲ!

ದೇವರು ಇದ್ದಾನಾ ಇಲ್ವಾ ಅನ್ನೋ ಜಗಳ ಇಲ್ಲಿ ಬೇಡ. ನನಗೆ ಬೇಕಾಗಿರುವುದು ಇಷ್ಟೇ: ‘ದೇವರ ಸ್ವಭಾವ’ ಅನ್ನುವ ಉತ್ತರ ಸಾಕ್ರಟೀಸನ ಇಕ್ಕಟ್ಟಿನಿಂದ ನಿಜಕ್ಕೂ ತಪ್ಪಿಸಿಕೊಳ್ಳುತ್ತದಾ? ಹೌದು ಅನ್ನುವುದಾದರೆ, ಯಾವ ಹಂತದಲ್ಲಿ?